ಪೆಟ್ಟು ಬೀಳುವ ಮೊದಲೇ ಕೇಳಿದ ಸದ್ದು: ಮಾಸ್ಟರಿಂಗ್ ಈಕ್ವಲೈಸರಿನ ದೋಷ ಹುಡುಕುವ ಬಗೆ

“ಪೆಟ್ಟು ಬೀಳುವ ಮೊದಲೇ ಎಂತದೋ ಕೇಳ್ತದಲ್ಲ ಮಾರಾಯ್ರೆ?”

ಭಾಗವತರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ಹೀಗೆ ಕೇಳಿದರು. ಯಕ್ಷಗಾನದ ಬಡಗುತಿಟ್ಟಿನ ಬಯಲಾಟವೊಂದರ ಧ್ವನಿಮುದ್ರಣ ಅದು. ಎಲ್ಲ ಸದ್ದುಗಳನ್ನು ಒಂದಾಗಿ ಸೇರಿಸುವ ಮಿಕ್ಸ್ ಮುಗಿದು, ಕೊನೆಯ ಹದ ಮಾಡುವ ಮಾಸ್ಟರಿಂಗಿಗೆ ಅಂತ ಉಡುಪಿಯ ಕುಂಜಿಬೆಟ್ಟಿನಲ್ಲಿರುವ ನನ್ನ ಸಣ್ಣ ಕೋಣೆಗೆ ಬಂದಿತ್ತು. ಮೇ ಕೊನೆಯ ವಾರದ ಪತ್ತನಾಜೆಗೆ ಮೇಳಗಳು ತಿರುಗಾಟ ಮುಗಿಸುತ್ತವೆ. ಆಮೇಲೆಯೇ ಇಂಥ ಕೆಲಸಗಳು ನಮ್ಮ ಕೈಗೆ ಬರುವುದು.

ನನಗೆ ಮೊದಲು ಏನೂ ಕೇಳಿಸಲಿಲ್ಲ. ಅವರು ಮತ್ತೊಮ್ಮೆ ಹಾಕಲು ಹೇಳಿದರು. ಈ ಸಲ ಮದ್ದಳೆಯ ಮೇಲೆ ಮಾತ್ರ ಗಮನ ಇಟ್ಟೆ. ಅವರು ಹೇಳಿದ್ದು ಸರಿ. ಪ್ರತಿ ದೊಡ್ಡ ಪೆಟ್ಟಿಗೂ ಒಂದು ಕ್ಷಣ ಮೊದಲು, ಗೋಡೆಯ ಆಚೆ ಯಾರೋ ಗುಮ್ ಅಂದ ಹಾಗೆ ಒಂದು ಸಣ್ಣ ಸದ್ದು ಬರುತ್ತಿತ್ತು.

ಅದರ ಮೂಲ ಹುಡುಕಲು ಎರಡು ದಿನ ಹೋಯಿತು. ಕೇಬಲ್ ಬದಲಾಯಿಸಿದೆ. ಮಿಕ್ಸ್ ಮಾಡಿದವರಿಂದ ಫೈಲ್ ಮತ್ತೆ ತರಿಸಿದೆ. ಎಂಪಿ3 ಮಾಡುವಾಗ ಆಗಿರಬಹುದು ಅಂದುಕೊಂಡೆ. ಎಂಪಿ3ಯಲ್ಲೂ ಪೆಟ್ಟಿಗೆ ಮೊದಲು ಸದ್ದು ಚೆಲ್ಲುವ ತೊಂದರೆ ಇರುವುದರಿಂದ ಆ ಸಂಶಯ ಸಹಜವೇ. ಕೊನೆಗೆ ದೋಷ ಸಿಕ್ಕಿದ್ದು, ಕೆಳಗಿನ ಮೇಲಿನ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಸರಿನ ಒಂದೇ ಒಂದು ಆಯ್ಕೆಯಲ್ಲಿ. ಸರಿಯಾದ ಕ್ರಮದಲ್ಲಿ ಹುಡುಕಿದ್ದರೆ ಹತ್ತು ನಿಮಿಷದ ಕೆಲಸ. ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಜೊತೆಗೆ ಕರಾವಳಿಯ ನಮ್ಮಂಥ ಸಣ್ಣ ಸ್ಟುಡಿಯೋಗಳಲ್ಲಿ ಮತ್ತೆ ಮತ್ತೆ ಎದುರಾಗುವ ಇನ್ನೂ ಕೆಲವು ದೋಷಗಳಿವೆ.

ಮೊದಲು: ದೋಷ ಈಕ್ವಲೈಸರಿನಲ್ಲಿದೆಯಾ?

ಏನೇ ಕೆಟ್ಟದಾಗಿ ಕೇಳಿದರೂ ಮೊದಲು ಒಂದೂ ಬ್ಯಾಂಡನ್ನು (ಒಂದೊಂದು ಸ್ವರವಲಯದ ಏರಿಳಿಕೆಯನ್ನು) ಮುಟ್ಟಬೇಡಿ. ಈಕ್ವಲೈಸರನ್ನು ಬಿಟ್ಟು ಸದ್ದು ನೇರ ಹೋಗುವಂತೆ ಬೈಪಾಸ್ ಒತ್ತಿ. ಸದ್ದು ಹಾಗೆಯೇ ಉಳಿದರೆ ಅದು ಈಕ್ವಲೈಸರಿಗಿಂತ ಹಿಂದಿನದ್ದು ಅಥವಾ ಮುಂದಿನದ್ದು. ಹೋದರೆ ಒಳಗಿನದ್ದು. ಇಷ್ಟು ಸರಳವಾದರೂ ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಯಾಕೆಂದರೆ ಬೈಪಾಸ್ ಮಾಡಿದಾಗ ವಾಲ್ಯೂಮ್ ಕೂಡ ಬದಲಾಗಿರುತ್ತದೆ. 1 ಡಿಬಿ (ಡೆಸಿಬೆಲ್) ಜೋರಾದರೂ ಸಾಕು, ಜೋರಾದದ್ದೇ ಚೆನ್ನಾಗಿದೆ ಅನ್ನಿಸುತ್ತದೆ. ಹಾಗಾಗಿ ಲೌಡ್‌ನೆಸ್ ಮೀಟರ್ ನೋಡಿಕೊಂಡು, ಈಕ್ವಲೈಸರಿನ ಔಟ್‌ಪುಟ್ ಗುಂಡಿಯಿಂದ ಬೈಪಾಸ್ ಇದ್ದಾಗಿನ ಮತ್ತು ಇಲ್ಲದಾಗಿನ ಸದ್ದು 0.2 ಡಿಬಿಯೊಳಗೆ ಹೊಂದುವಂತೆ ಮಾಡಿ. ಆಮೇಲೆ ಹೋಲಿಸಿ. ವಾಲ್ಯೂಮನ್ನು ತಾನೇ ಹೊಂದಿಸುವ ಆಟೋ ಗೇನ್ ಇದ್ದರೆ ಅದನ್ನು ನಂಬಿ ಕೂರಬೇಡಿ. ಕೆಲವು ಆಟೋ ಗೇನ್‌ಗಳು ಕರ್ವಿನ (ಬ್ಯಾಂಡುಗಳ ಏರಿಳಿತದ ಗೆರೆಯ) ಆಕಾರ ನೋಡಿ ಲೆಕ್ಕ ಹಾಕುತ್ತವೆ, ಹಾಡನ್ನು ಕೇಳಿ ಅಲ್ಲ.

ಕಿವಿಯಿಂದ ತೀರ್ಮಾನ ಆಗದಿದ್ದರೆ ನಲ್ ಪರೀಕ್ಷೆ ಮಾಡಿ. ಇದು ನನಗೆ ತುಂಬ ಇಷ್ಟದ ಉಪಾಯ, ಯಾಕೆಂದರೆ ಇದರಲ್ಲಿ ಅಭಿಪ್ರಾಯಕ್ಕೆ ಜಾಗವೇ ಇಲ್ಲ. ಮೂಲ ಫೈಲನ್ನು ಒಂದು ಟ್ರ್ಯಾಕಿನಲ್ಲಿ ಇಡಿ. ಅದೇ ಫೈಲನ್ನು ಇನ್ನೊಂದು ಟ್ರ್ಯಾಕಿನಲ್ಲಿ ಇಟ್ಟು ಅದರ ಮೇಲೆ ಈಕ್ವಲೈಸರ್ ಹಾಕಿ. ಎಲ್ಲ ಬ್ಯಾಂಡ್ ಸೊನ್ನೆಯಲ್ಲಿರಲಿ. ಈಗ ಒಂದು ಟ್ರ್ಯಾಕಿನ ಪೋಲಾರಿಟಿ ತಿರುಗಿಸಿ, ಅಂದರೆ ಅಲೆಯನ್ನು ತಲೆಕೆಳಗು ಮಾಡಿ, ಎರಡನ್ನೂ ಒಟ್ಟಿಗೆ ಬಾರಿಸಿ. ಪೂರ್ತಿ ಮೌನ ಬರಬೇಕು. ಮೀಟರ್ −120 ಡಿಬಿಗಿಂತ ಕೆಳಗಿದ್ದರೆ ಮೌನ ಅಂತಲೇ ಲೆಕ್ಕ.

ಮೌನ ಬಂದರೆ ದಾರಿ ಶುದ್ಧ. ತೊಂದರೆ ನೀವು ಹಾಕಿದ ಕರ್ವಿನಲ್ಲಿದೆ. ಮೌನ ಬಾರದಿದ್ದರೆ ಉಳಿದ ಸದ್ದನ್ನೇ ಕೇಳಿ, ಅದೇ ಸುಳಿವು. ಇಡೀ ಹಾಡು ಒಂದೇ ಹದದಲ್ಲಿ ಸಣ್ಣಗೆ ಕೇಳಿದರೆ ಗೇನ್ ವ್ಯತ್ಯಾಸ. ಬಾಸ್ ಇಲ್ಲದೆ ಬರೀ ಚುರ್‌ಚುರ್ ಅಂತ ಮೇಲಿನ ಸ್ವರ ಮಾತ್ರ ಕೇಳಿದರೆ ಕೆಲವೇ ಸ್ಯಾಂಪಲ್‌ಗಳ (ಡಿಜಿಟಲ್ ಸದ್ದಿನ ಅತಿ ಸಣ್ಣ ತುಣುಕುಗಳ) ತಡ ಆಗಿದೆ, ಅಥವಾ ಒಳಗೆ ಸ್ಯಾಂಪಲ್ ಹೆಚ್ಚಿಸಿ ಲೆಕ್ಕ ಹಾಕುವ ಓವರ್‌ಸ್ಯಾಂಪ್ಲಿಂಗಿನ ಫಿಲ್ಟರ್ ಮೇಲಿನ ತುದಿಯನ್ನು ಮುಟ್ಟಿದೆ. ಒಡಕು ಒಡಕಾಗಿ ಕೇಳಿದರೆ ಒಳಗೆಲ್ಲೋ ಕ್ಲಿಪ್ ಆಗುತ್ತಿದೆ, ಅಥವಾ ಹಳೇ ಅನಲಾಗ್ ಬಣ್ಣ ಕೊಡುವ ಮೋಡ್ ಆನ್ ಇದೆ.

ಸಾಫ್ಟ್‌ವೇರ್ ಅಲ್ಲದೆ, ಬೇರೆಯೇ ಒಂದು ಪೆಟ್ಟಿಗೆಯ (ಹಾರ್ಡ್‌ವೇರ್) ರೂಪದ ಈಕ್ವಲೈಸರ್ ಆದರೆ ಡಿಜಿಟಲ್ ಕೇಬಲಿನಿಂದ ಕಳಿಸಿ, ಅಲ್ಲಿಂದಲೇ ಮತ್ತೆ ರೆಕಾರ್ಡ್ ಮಾಡಿ. ತಡವಾದಷ್ಟು ಸ್ಯಾಂಪಲ್ ಹಿಂದಕ್ಕೆ ಸರಿಸಿ, ಇದೇ ಪರೀಕ್ಷೆ ಮಾಡಬಹುದು.

ಪೆಟ್ಟು ಬೀಳುವ ಮುಂಚಿನ ಗುಮ್

ಈಗ ಭಾಗವತರ ಫೈಲಿಗೆ ಬರೋಣ. ಬೈಪಾಸ್ ಒತ್ತಿದಾಗ ಆ ಗುಮ್ ಹೋಯಿತು. ಎಲ್ಲ ಬ್ಯಾಂಡ್ ಸೊನ್ನೆ ಮಾಡಿದಾಗ ನಲ್ ಕೂಡ ಆಯಿತು. ಹಾಗಾದರೆ ತಪ್ಪು ಕರ್ವಿನದ್ದೇ. ಬ್ಯಾಂಡುಗಳನ್ನು ಒಂದೊಂದಾಗಿ ಆಫ್ ಮಾಡುತ್ತ ಬಂದೆ. 80 ಹರ್ಟ್ಸಿನ ಹೈಪಾಸ್ (ಅದಕ್ಕಿಂತ ಕೆಳಗಿನ ಸ್ವರಗಳನ್ನು ಕತ್ತರಿಸುವ ಫಿಲ್ಟರ್) ಆಫ್ ಮಾಡಿದ ಕೂಡಲೇ ಸದ್ದು ನಿಂತಿತು.

ಆ ಹೈಪಾಸ್ ಹಾಕಿದ್ದಕ್ಕೆ ಕಾರಣ ಇತ್ತು. ವೇಷಧಾರಿ ಗಿರಕಿ ಹೊಡೆಯುವಾಗ ಹಲಗೆಯ ರಂಗಸ್ಥಳ ಅದುರುತ್ತದೆ. ಮೈಕಿನ ಸ್ಟ್ಯಾಂಡ್ ಮೂಲಕ ಆ ದಡ್ ದಡ್ ಎಲ್ಲ ಒಳಗೆ ಬಂದಿತ್ತು. ಅದನ್ನು ಕತ್ತರಿಸಲು 96 ಡಿಬಿ ಕಡಿದಾದ ಇಳಿಜಾರು ಹಾಕಿದ್ದೆ. ಮೋಡ್ ಲೀನಿಯರ್ ಫೇಸ್. ಮಾಸ್ಟರಿಂಗಿಗೆ ಲೀನಿಯರ್ ಫೇಸ್ ಅಂದರೆ ಉತ್ತಮ ಅಂತ ಎಲ್ಲ ಕಡೆ ಕೇಳಿ ಕೇಳಿ ಅದೇ ಅಭ್ಯಾಸವಾಗಿತ್ತು.

ಲೀನಿಯರ್ ಫೇಸ್ ಫಿಲ್ಟರ್ ಎಲ್ಲ ಸ್ವರಗಳನ್ನೂ ಒಂದೇ ಪ್ರಮಾಣದಲ್ಲಿ ತಡಮಾಡುತ್ತದೆ. ಅದಕ್ಕಾಗಿ ಅದು ಕನ್ನಡಿಯಂತೆ ಎರಡೂ ಬದಿಗೆ ಸಮನಾಗಿರಬೇಕು. ಯಾವ ಫಿಲ್ಟರಿಗಾದರೂ ಪೆಟ್ಟು ಬಿದ್ದ ಮೇಲೆ ಸ್ವಲ್ಪ ಹೊತ್ತು ಮೊರೆಯುವ ಗುಣ ಇರುತ್ತದೆ. ಗಂಟೆಯ ಹಾಗೆ. ಲೀನಿಯರ್ ಫೇಸಿನಲ್ಲಿ ಆ ಮೊರೆತದ ಅರ್ಧ ಪೆಟ್ಟಿನ ಹಿಂದಕ್ಕೆ, ಅಂದರೆ ಪೆಟ್ಟಿಗೆ ಮುಂಚೆಯೇ ಬರುತ್ತದೆ. ಇಳಿಜಾರು ಕಡಿದಾದಷ್ಟೂ ಮೊರೆತ ಉದ್ದ. ಫ್ರೀಕ್ವೆನ್ಸಿ ಕೆಳಗಾದಷ್ಟೂ ಇನ್ನೂ ಉದ್ದ. 80 ಹರ್ಟ್ಸಿನ ಒಂದು ಸುತ್ತಿಗೆ 12.5 ಮಿಲಿಸೆಕೆಂಡು ಬೇಕು. ನಾಲ್ಕು ಸುತ್ತು ಮೊರೆದರೆ 50 ಮಿಲಿಸೆಕೆಂಡು.

ಪೆಟ್ಟು ಬಿದ್ದ ನಂತರದ ಮೊರೆತವನ್ನು ನಮ್ಮ ಕಿವಿ ಕ್ಷಮಿಸುತ್ತದೆ. ಜೋರು ಸದ್ದಿನ ನೆರಳಲ್ಲಿ ನೂರು ಮಿಲಿಸೆಕೆಂಡಿನಷ್ಟು ಹೊತ್ತು ಸಣ್ಣ ಸದ್ದು ಮರೆಯಾಗಬಹುದು. ಆದರೆ ಮುಂಚೆ ಬರುವುದಕ್ಕೆ ಈ ನೆರಳು ಕೆಲವೇ ಮಿಲಿಸೆಕೆಂಡು ಮಾತ್ರ. ಅದಕ್ಕೇ ಭಾಗವತರಿಗೆ ಅದು ಸಿಕ್ಕಿಬಿತ್ತು. ಮದ್ದಳೆಯ ಪೆಟ್ಟು ಎಲ್ಲಿ ಬೀಳುತ್ತದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಲು ಸಾಧ್ಯ? ತಾಳವೇ ಅವರ ಕೈಯಲ್ಲಿರುತ್ತದೆ ಅಲ್ವಾ?

ಗುರುತಿಸುವುದು ಸುಲಭ. ಪೆಟ್ಟಿನ ಸ್ವಲ್ಪ ಮುಂಚಿನ ಜಾಗವನ್ನು ತೆರೆಯಲ್ಲಿ ದೊಡ್ಡದು ಮಾಡಿ ನೋಡಿ. ಮೂಲದಲ್ಲಿ ಅಲ್ಲಿ ಬರೀ ಜನರ ಗುಜುಗುಜು ಇರುತ್ತದೆ. ಈಕ್ವಲೈಸರ್ ಆದ ಮೇಲೆ ಅಲ್ಲಿ ಅಲೆ ಮೆಲ್ಲಗೆ ಬೆಳೆಯುತ್ತ ಪೆಟ್ಟಿನ ಕಡೆ ಹೋಗುವುದು ಕಾಣುತ್ತದೆ. ಹೀಗೆ ಕಂಡರೆ ಬೇರೆ ಪರೀಕ್ಷೆ ಬೇಡ.

ಪರಿಹಾರ: ತಾಳವಾದ್ಯ ಇರುವ ಕಡೆ ಕೆಳಗಿನ ಸ್ವರಗಳ ಕಡಿದಾದ ಕತ್ತರಿಗೆ, ಮೊರೆತವೆಲ್ಲ ಪೆಟ್ಟಿನ ನಂತರವೇ ಬರುವ ಮಿನಿಮಮ್ ಫೇಸ್ ಬಳಸಿ. ಇಳಿಜಾರು 12 ಅಥವಾ 18 ಡಿಬಿ ಸಾಕು. ಮೇಲಿನ ಸ್ವರಗಳಿಗೆ 1–2 ಡಿಬಿ ಅಗಲವಾದ ಶೆಲ್ಫ್ (ಒಂದು ಸ್ವರದಿಂದ ಆಚೆಯದ್ದನ್ನೆಲ್ಲ ಒಟ್ಟಿಗೆ ಏರಿಸುವ ಬ್ಯಾಂಡ್) ಕೊಡುವುದಾದರೆ ಲೀನಿಯರ್ ಫೇಸಿನಿಂದ ತೊಂದರೆ ಇಲ್ಲ, ಅಲ್ಲಿ ಮೊರೆತ ತೀರಾ ಚಿಕ್ಕದು. ಹಾಗಂತ ಮಿನಿಮಮ್ ಫೇಸ್ ಎಲ್ಲದಕ್ಕೂ ಮದ್ದಲ್ಲ. ಮಿಡ್ (ಎಡ ಬಲ ಎರಡರಲ್ಲೂ ಒಂದೇ ಆದದ್ದು) ಮತ್ತು ಸೈಡ್ (ಎರಡರ ವ್ಯತ್ಯಾಸ) ಬೇರೆ ಮಾಡಿ ಒಂದಕ್ಕೆ ಮಾತ್ರ ದೊಡ್ಡ ಕರ್ವ್ ಕೊಟ್ಟರೆ, ಎರಡರ ಫೇಸ್ ಬೇರೆ ಬೇರೆ ತಿರುಗುತ್ತದೆ. ಆಗ ನಡುವೆ ಇರಬೇಕಾದ ಸ್ವರ ಆಚೀಚೆ ಹರಡುತ್ತದೆ. ಅಲ್ಲಿ ಲೀನಿಯರ್ ಫೇಸೇ ಒಳ್ಳೆಯದು. ಯಾವ ಕೆಲಸಕ್ಕೆ ಯಾವ ಕತ್ತಿ ಅಂತ ಪ್ರತಿ ಸಲ ಯೋಚಿಸಬೇಕು.

ಕಡಿಮೆ ಮಾಡಿದರೂ ಪೀಕ್ (ಅಲೆಯ ತುದಿ) ಏರಿದರೆ

“ನಾನು ಕತ್ತರಿಸಿದ್ದು ಮಾತ್ರ, ಒಂದು ಕಡೆಯೂ ಏರಿಸಿಲ್ಲ. ಆದರೂ ಕೆಂಪು ದೀಪ ಹೊತ್ತುತ್ತದೆ.” ಈ ದೂರು ಮಂಗಳೂರಿನ ಗೆಳೆಯರೊಬ್ಬರಿಂದ ಬಂತು. ತುಳು ಹಾಡುಗಳ ಕೆಲಸ ಅವರದ್ದು. ಸಾಫ್ಟ್‌ವೇರ್ ಕೆಟ್ಟಿದೆ ಅಂದುಕೊಂಡಿದ್ದರು.

ಕೆಟ್ಟಿರಲಿಲ್ಲ. ಅವರಿಗೆ ಬಂದ ಮಿಕ್ಸ್ ಆಗಲೇ ಲಿಮಿಟರಿನಲ್ಲಿ ಒತ್ತಿ ಬಂದಿತ್ತು. ಲಿಮಿಟರ್ ಅಲೆಯ ತಲೆಯನ್ನು ಚಪ್ಪಟೆ ಮಾಡುತ್ತದೆ. ಆ ಚಪ್ಪಟೆ ತಲೆ ಉಳಿಯುವುದು ಎಲ್ಲ ಸ್ವರಗಳೂ ಅವವುಗಳ ಜಾಗದಲ್ಲಿ, ಅವವುಗಳ ಅಳತೆಯಲ್ಲಿ ಇರುವವರೆಗೆ ಮಾತ್ರ. ಒಂದನ್ನು ತೆಗೆದರೂ, ಸ್ವಲ್ಪ ಸರಿಸಿದರೂ ತಲೆ ಮತ್ತೆ ಎದ್ದು ನಿಲ್ಲುತ್ತದೆ.

ಚೌಕದ ಅಲೆಯನ್ನು ನೆನಪಿಸಿಕೊಳ್ಳಿ. ಅದರ ಎತ್ತರ 1 ಅಂತ ಇಟ್ಟುಕೊಂಡರೆ, ಅದರೊಳಗಿನ ಮೂಲ ಸ್ವರದ ಎತ್ತರ 1.27. ಮೇಲಿನ ಸ್ವರಗಳು ಸೇರಿ ಅದನ್ನು ತಗ್ಗಿಸಿ ಚೌಕ ಮಾಡಿರುತ್ತವೆ. ಲೋಪಾಸ್ ಹಾಕಿ ಮೇಲಿನದ್ದೆಲ್ಲ ತೆಗೆದರೆ ಶಕ್ತಿ ಕಡಿಮೆಯಾಗುತ್ತದೆ, ಆದರೆ ಪೀಕ್ 2.1 ಡಿಬಿ ಏರುತ್ತದೆ. ಹೈಪಾಸಿನಲ್ಲೂ ಹೀಗೆಯೇ. 30 ಹರ್ಟ್ಸಿನ ಕೆಳಗೆ ಕತ್ತರಿಸಿದರೂ ಅದರ ಫೇಸ್ ಬದಲಾವಣೆ 100 ಹರ್ಟ್ಸ್ ದಾಟಿ ಹೋಗುತ್ತದೆ.

ಹಾಗಾಗಿ ಈಕ್ವಲೈಸರಿನ ಒಳಗೆ ಹೋಗುವ ಮೊದಲೇ 3ರಿಂದ 6 ಡಿಬಿ ಇಳಿಸಿ ಜಾಗ ಮಾಡಿಕೊಳ್ಳಿ. ಕಂಪ್ಯೂಟರಿನೊಳಗಿನ 32 ಬಿಟ್ ಫ್ಲೋಟಿನಲ್ಲಿ ಸೊನ್ನೆ ದಾಟಿದರೂ ಮುಂದೆ ಇಳಿಸಿದರೆ ಸರಿಯಾಗುತ್ತದೆ. ಪೆಟ್ಟಿಗೆಗೆ ಹೋಗುವ 24 ಬಿಟ್ ಡಿಜಿಟಲ್ ದಾರಿಯಲ್ಲಿ ದಾಟಿದರೆ ಅಲ್ಲಿಗೇ ಮುಗಿಯಿತು, ಆಮೇಲೆ ಇಳಿಸಿ ಪ್ರಯೋಜನ ಇಲ್ಲ. ಕೊನೆಯ ಲಿಮಿಟರ್ ಯಾವತ್ತೂ ಈಕ್ವಲೈಸರಿನ ನಂತರ ಇರಲಿ. ಮಿತಿ −1 ಡಿಬಿ ಟ್ರೂ ಪೀಕ್ (ಸ್ಯಾಂಪಲ್‌ಗಳ ನಡುವೆ ಏರುವ ಅಲೆಯನ್ನೂ ಸೇರಿಸಿ ಅಳೆದ ಪೀಕ್). ಮತ್ತು ಒತ್ತಿ ಬಂದ ಮಿಕ್ಸನ್ನು ವಾಪಸ್ ಕಳಿಸಿ, ಲಿಮಿಟರ್ ತೆಗೆದದ್ದು ಕೇಳಿ ತರಿಸಿಕೊಳ್ಳಿ. ಕೇಳಲು ಮುಜುಗರ ಬೇಡ.

ಹಮ್ ಮತ್ತು ಶ್ರುತಿ

ನಮ್ಮ ದೇಶದ ಕರೆಂಟು 50 ಹರ್ಟ್ಸ್. ಕರೆಂಟಿನಿಂದಾಗುವ ಗುಂಯ್ ಸದ್ದು, ಅಂದರೆ ಹಮ್ ಬಂದರೆ 50, 100, 150, 200 ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಮೊದಲು ಅದು ಫೈಲಿನೊಳಗೆ ಇದೆಯಾ, ನಿಮ್ಮ ಕೋಣೆಯಲ್ಲಿದೆಯಾ ನೋಡಿ. ಪ್ಲೇ ನಿಲ್ಲಿಸಿ. ಸ್ಪೀಕರಿನಲ್ಲಿ ಹಮ್ ಉಳಿದರೆ ಅದು ಕೋಣೆಯದ್ದು. ಅದನ್ನು ಈಕ್ವಲೈಸರಿನಿಂದ ತೆಗೆಯಲು ಹೋಗಬೇಡಿ, ಒಳ್ಳೆಯ ಫೈಲ್ ಸುಮ್ನೆ ಹಾಳಾಗುತ್ತದೆ.

ಕೋಣೆಯ ಹಮ್ಮಿಗೆ ಸಾಮಾನ್ಯ ಕಾರಣ, ಎರಡು ಸಾಧನಗಳು ಬೇರೆ ಬೇರೆ ಪಾಯಿಂಟಿನಿಂದ ಅರ್ಥ್ ಪಡೆದು, ಕೇಬಲಿನ ಶೀಲ್ಡ್ ಮೂಲಕ ಮತ್ತೆ ಸೇರಿ ಒಂದು ಉಂಗುರ ಆಗುವುದು. ಎಲ್ಲವನ್ನೂ ಒಂದೇ ಪಾಯಿಂಟಿಗೆ ತನ್ನಿ. ನಮ್ಮ ಕಡೆ ಇನ್ನೊಂದು ಸಂಗತಿ ಉಂಟು. ಮುರಕಲ್ಲಿನ ನೆಲ ಏಪ್ರಿಲ್, ಮೇಯಲ್ಲಿ ಒಣಗಿ ಗಟ್ಟಿಯಾಗುತ್ತದೆ. ಆಗ ಅರ್ಥ್ ಗುಂಡಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುತ್ತಿರಬೇಕು. ಹಮ್ ಹೋಗುತ್ತದೆ ಅಂತ ಪ್ಲಗ್ಗಿನ ಅರ್ಥ್ ಪಿನ್ ತೆಗೆಯುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಜೀವಕ್ಕೆ ಅಪಾಯ.

ಹಮ್ ಫೈಲಿನೊಳಗೇ ಇದ್ದರೆ ನಾಚ್ (ಒಂದೇ ಸ್ವರದಲ್ಲಿ ಸಪೂರ ಹೊಂಡ ತೋಡುವ ಫಿಲ್ಟರ್) ಹಾಕಬೇಕು. ಇಲ್ಲಿ ಎಚ್ಚರ ಬೇಕಾದದ್ದು ಶ್ರುತಿಯ ಬಗ್ಗೆ. ನನ್ನ ಜೊತೆ ಕೆಲಸ ಕಲಿಯುವ ಹುಡುಗ ಒಂದು ದಿನ ಕೇಳಿದ: “ಅಣ್ಣ, ಹಮ್ ಹೋಯ್ತು, ಆದ್ರೆ ಶ್ರುತಿಯೇ ತೆಳ್ಳಗಾಯ್ತಲ್ಲ?” ಅವನು 200 ಹರ್ಟ್ಸಿಗೆ ಕ್ಯೂ 10ರ ನಾಚ್ ಹಾಕಿದ್ದ. ಕ್ಯೂ 10 ಅಂದರೆ ಅಗಲ 20 ಹರ್ಟ್ಸ್, 190ರಿಂದ 210. ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ 5ರ ಸ್ವರ 196 ಹರ್ಟ್ಸ್, ಕಪ್ಪು 4ರದ್ದು ಸುಮಾರು 208. ಎರಡೂ ಆ ಹೊಂಡದೊಳಗೆ ಬಿದ್ದವು. ಕ್ಯೂ 50 ಮಾಡಿದರೆ ಅಗಲ 4 ಹರ್ಟ್ಸ್, 198ರಿಂದ 202. ಶ್ರುತಿ ಉಳಿಯುತ್ತದೆ. ಗ್ರಿಡ್ಡಿನ ಕರೆಂಟು ಸ್ವಲ್ಪ ಆಚೀಚೆ ಆದರೂ ಅಷ್ಟು ಅಗಲ ಸಾಕಾಗುತ್ತದೆ.

ಆದರೆ ಬಯಲಾಟದಲ್ಲಿ ಜನರೇಟರ್ ಇದ್ದರೆ ಕಥೆ ಬೇರೆ. ದೀಪಗಳ ಹೊರೆ ಏರಿದಾಗ ಜನರೇಟರಿನ ವೇಗ ಇಳಿಯುತ್ತದೆ, ಹೊರೆ ಇಳಿದಾಗ ಏರುತ್ತದೆ. 50 ಇದ್ದದ್ದು 51.5 ಆಯಿತು ಅಂದರೆ ನಾಲ್ಕನೇ ಮೆಟ್ಟಿಲು 206ಕ್ಕೆ ಹೋಗಿ ನಿಲ್ಲುತ್ತದೆ. ನಾಚ್ ಹಾಕಿದ್ದು 200ರಲ್ಲಿ! “ನಾಚ್ ಕೆಲಸವೇ ಮಾಡುವುದಿಲ್ಲ” ಅನ್ನುವ ದೂರಿನ ಹಿಂದೆ ಇದು ಇರಬಹುದು. ಹಾಡು ಇಲ್ಲದ ಜಾಗದಲ್ಲಿ ಸ್ಪೆಕ್ಟ್ರಮ್ ನೋಡಿ ನಿಜವಾದ ಅಂಕಿ ತಿಳಿದುಕೊಳ್ಳಿ. ಫೈಲನ್ನು ತುಂಡು ಮಾಡಿ ತುಂಡಿಗೊಂದು ನಾಚ್ ಇಡಿ.

ಇನ್ನೊಂದು ಕಾರಣವೂ ಉಂಟು. ಲೀನಿಯರ್ ಫೇಸಿನ ರೆಸಲ್ಯೂಶನ್ ಕಡಿಮೆ ಇಟ್ಟಿದ್ದರೆ ಫಿಲ್ಟರಿಗೆ ಅಷ್ಟು ಸಪೂರ ಹೊಂಡ ತೋಡಲು ಆಗುವುದೇ ಇಲ್ಲ. 48 ಕಿಲೋಹರ್ಟ್ಸಿನಲ್ಲಿ 4096 ಸ್ಯಾಂಪಲಿನ ಫಿಲ್ಟರ್ ಅಂದರೆ ಸುಮಾರು 11.7 ಹರ್ಟ್ಸಿಗಿಂತ ಸಣ್ಣದನ್ನು ಬಿಡಿಸಿ ನೋಡಲು ಬರುವುದಿಲ್ಲ. ತೆರೆಯ ಮೇಲೆ ಕರ್ವ್ ಚೂಪಾಗಿ ಕಂಡರೂ ಕಿವಿಗೆ ಹಮ್ ಹಾಗೆಯೇ ಇರುತ್ತದೆ. ನಾಚಿಗೆ ಮಿನಿಮಮ್ ಫೇಸ್ ಹಾಕಿದರೆ ಮುಗಿಯಿತು.

ಟಿಕ್ ಟಿಕ್

ಡಿಜಿಟಲ್ ಪೆಟ್ಟಿಗೆ ಇರುವವರಿಗೆ ಇದು. ಟಿಕ್ ಬಂದರೆ ಗಡಿಯಾರ ಹಿಡಿದು ಕೂತುಕೊಳ್ಳಿ. ಒಂದೇ ಅಂತರದಲ್ಲಿ ಬರುತ್ತದೆಯಾ, ಹೇಗೆ ಬೇಕೋ ಹಾಗೆ ಬರುತ್ತದೆಯಾ?

ಒಂದೇ ಅಂತರ ಆದರೆ, ಸ್ಯಾಂಪಲ್ ಎಣಿಸುವ ಕ್ಲಾಕಿನ ಜಗಳ. ಕಂಪ್ಯೂಟರಿಗೆ ಸದ್ದು ತಂದು ಕೊಂಡೊಯ್ಯುವ ಇಂಟರ್‌ಫೇಸ್ ತನ್ನ ಲೆಕ್ಕದಲ್ಲಿ, ಈಕ್ವಲೈಸರ್ ತನ್ನ ಲೆಕ್ಕದಲ್ಲಿ ಎಣಿಸುತ್ತಿದೆ. ಎರಡರ ನಡುವೆ ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸ ಇದ್ದರೂ 48 ಕಿಲೋಹರ್ಟ್ಸಿನಲ್ಲಿ ಸೆಕೆಂಡಿಗೆ ಸುಮಾರು ಒಂದು ಸ್ಯಾಂಪಲ್ ಜಾರುತ್ತದೆ. ಸೆಕೆಂಡಿಗೊಂದು ಟಿಕ್. ವ್ಯತ್ಯಾಸ 1 ಆದರೆ 20 ಸೆಕೆಂಡಿಗೊಂದು. ಅದು ಹಾಡಿನ ನಡುವೆ ಮುಚ್ಚಿಹೋಗಿ, ಕೊಟ್ಟು ಕಳಿಸಿದ ಮೇಲೆ ಪತ್ತೆಯಾಗುತ್ತದೆ. ಒಂದು ಸಾಧನ ಮಾತ್ರ ಇಂಟರ್ನಲ್ ಕ್ಲಾಕಿನಲ್ಲಿರಲಿ. ಉಳಿದದ್ದೆಲ್ಲ ಅದನ್ನು ಹಿಂಬಾಲಿಸಲಿ. ಸ್ಯಾಂಪಲ್ ರೇಟ್ ಒಂದೇ ಅಂಕಿ ತೋರಿಸಿದರೆ ಸಾಲದು, ಲಾಕ್ ದೀಪ ಸ್ಥಿರವಾಗಿ ಉರಿಯಬೇಕು.

ಹೇಗೆ ಬೇಕೋ ಹಾಗೆ ಬಂದರೆ ಕೇಬಲ್ ಅಥವಾ ಕಂಪ್ಯೂಟರ್. ಫೈಲನ್ನು ರೆಂಡರ್ ಮಾಡಿ (ಹೊಸ ಫೈಲಾಗಿ ಬರೆಸಿ) ಕೇಳಿ. ರೆಂಡರಿನಲ್ಲಿ ಟಿಕ್ ಇಲ್ಲ, ಬಾರಿಸುವಾಗ ಮಾತ್ರ ಇದೆ ಅಂದರೆ, ಸದ್ದನ್ನು ಮುಂಚಿತವಾಗಿ ಕೂಡಿಡುವ ಬಫರ್ ಸಾಲುತ್ತಿಲ್ಲ. ದೊಡ್ಡದು ಮಾಡಿ. ಮಾಸ್ಟರಿಂಗಿನಲ್ಲಿ ತಡ ಆದರೆ ಏನೂ ನಷ್ಟ ಇಲ್ಲ. ಕೇಬಲ್ ಆದರೆ, ಡಿಜಿಟಲ್ ಸದ್ದು ಸಾಗಿಸುವ ಎರಡು ಬಗೆಗಳಲ್ಲಿ ಎಇಎಸ್ ದಾರಿಗೆ 110 ಓಮಿನ ಕೇಬಲ್ ಬೇಕು, ಎಸ್‌ಪಿಡಿಫ್ ಕೋಯಾಕ್ಸಿಗೆ 75 ಓಮಿನದ್ದು. ಪಿನ್ ಒಂದೇ ಥರ ಇದೆ ಅಂತ ಮೈಕಿನ ಕೇಬಲ್ ಹಾಕಿದರೆ ಒಂದು ಮೀಟರಿಗೆ ನಡೆಯಬಹುದು, ಉದ್ದವಾದರೆ ಕೈಕೊಡುತ್ತದೆ.

ಕಡಲಿನ ಉಪ್ಪು ಗಾಳಿಗೆ ಕನೆಕ್ಟರಿನ ಮೇಲೆ ಹಸಿರು ಪೊರೆ ಬರುತ್ತದೆ. ಮಲ್ಪೆಯ ಹತ್ತಿರ ಇರುವವರಿಗೆ ಇದು ಚೆನ್ನಾಗಿ ಗೊತ್ತು. ಗುಂಡಿ ಬಲಕ್ಕೆ ತಿರುಗಿಸಿದರೆ ಅಂಕಿ ಒಮ್ಮೆ ಎಡಕ್ಕೆ ಹಾರುತ್ತದೆ ಅಂದರೆ ಅದೂ ಇದೇ ಕೊಳೆ. ಕರೆಂಟು ತೆಗೆದು, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ಗುಂಡಿಯನ್ನು ಇಪ್ಪತ್ತು ಮೂವತ್ತು ಸಲ ಆಚೀಚೆ ತಿರುಗಿಸಿ, ಒಣಗಲು ಬಿಡಿ. ಪವರ್ ಸಪ್ಲೈ ಇರುವ ಮುಚ್ಚಳವನ್ನು ಮಾತ್ರ ಗೊತ್ತಿಲ್ಲದೆ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅಲ್ಲಿನ ಕೆಪಾಸಿಟರಿನಲ್ಲಿ ಶಾಕ್ ಹೊಡೆಯುವಷ್ಟು ಉಳಿದಿರುತ್ತದೆ.

ಇನ್ನು ಕೆಲವು, ಚುಟುಕಾಗಿ

ಸ್ವರ ಪೈಪಿನೊಳಗಿಂದ ಬಂದ ಹಾಗೆ ಕೇಳಿದರೆ, ನೇರ ಸದ್ದು ಮತ್ತು ಈಕ್ವಲೈಸರ್ ದಾಟಿ ಬಂದ ಸದ್ದು ಎರಡೂ ಒಟ್ಟಿಗೆ ಕೇಳುತ್ತಿವೆ. 1 ಮಿಲಿಸೆಕೆಂಡಿನ ತಡ ಆದರೆ 500, 1500, 2500 ಹರ್ಟ್ಸಿನಲ್ಲಿ ಹೊಂಡಗಳು ಬೀಳುತ್ತವೆ. ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರಿಂಗ್ (ನೇರ ಸದ್ದು ಕೇಳಿಸುವ ಆಯ್ಕೆ) ಆಫ್ ಮಾಡಿ.

ಬ್ಯಾಂಡ್ ತಿರುಗಿಸಿದರೂ ಏನೂ ಆಗದಿದ್ದರೆ, ಆ ಬ್ಯಾಂಡ್ ಸೈಡಿಗೆ ಮಾತ್ರ ಇದೆಯಾ ನೋಡಿ. ಹಾಡು ಮೋನೋ ಆದರೆ ಸೈಡಿನಲ್ಲಿ ಏನೂ ಇರುವುದೇ ಇಲ್ಲ. ಒಂದು ಕಿವಿಗೆ ಮಾತ್ರ ಬದಲಾದರೆ ಬ್ಯಾಂಡ್ ಎಡಕ್ಕೆ ಅಥವಾ ಬಲಕ್ಕೆ ಸಿಕ್ಕಿಕೊಂಡಿದೆ.

96 ಕಿಲೋಹರ್ಟ್ಸಿನಲ್ಲಿ ಮಾಡಿದ ಪ್ರಿಸೆಟ್ 44.1ರಲ್ಲಿ ಬೇರೆ ಥರ ಕೇಳಿದರೆ ಅದು ನಿಮ್ಮ ಭ್ರಮೆಯಲ್ಲ. 44.1ರಲ್ಲಿ ಸ್ವರಗಳ ಗಡಿ 22.05. ಸಾಮಾನ್ಯ ಡಿಜಿಟಲ್ ಫಿಲ್ಟರಿನ ಕರ್ವ್ ಆ ಗಡಿಯ ಹತ್ತಿರ ಹೋದಂತೆ ಇಕ್ಕಟ್ಟಾಗುತ್ತದೆ. 16 ಕಿಲೋಹರ್ಟ್ಸಿನ ಬೆಲ್ಲಿನ (ಗಂಟೆಯಾಕಾರದ ಏರಿಕೆಯ) ಬಲಬದಿ ಒತ್ತಿಹೋಗಿ, ಮೇಲಿನ ಸ್ವರಗಳ ಹಗುರ ಹೊಳಪು ಬೇಕಾದಷ್ಟು ಬರುವುದಿಲ್ಲ. ಓವರ್‌ಸ್ಯಾಂಪ್ಲಿಂಗ್ ಆನ್ ಮಾಡಿ, ಅಥವಾ 96ರಲ್ಲೇ ಕೆಲಸ ಮುಗಿಸಿ ಕೊನೆಗೆ ಇಳಿಸಿ. 16 ಬಿಟ್ಟಿಗೆ ಇಳಿಸುವಾಗ ಡಿದರ್ (ಬೇಕೆಂದೇ ಸೇರಿಸುವ ತೀರಾ ಸಣ್ಣ ಸದ್ದು) ಒಂದೇ ಸಲ, ಎಲ್ಲದರ ಕೊನೆಗೆ.

ಮಳೆ, ಕೋಣೆ, ರಾತ್ರಿ

ಎಲ್ಲ ಪರೀಕ್ಷೆಯಲ್ಲೂ ಪಾಸಾದ ಈಕ್ವಲೈಸರಿನಿಂದಲೂ ಕೆಲವೊಮ್ಮೆ ಕೆಟ್ಟ ಮಾಸ್ಟರ್ ಬರುತ್ತದೆ. ಆಗ ದೋಷ ಕೇಳುವ ಜಾಗದಲ್ಲಿದೆ.

ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನಿನಿಂದ ಸೆಪ್ಟೆಂಬರ್. ನನ್ನ ಕೋಣೆಯ ಮೇಲೆ ತಗಡಿನ ಶೀಟ್ ಇದೆ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಮಾಡಿದ ಮೂರು ಮಾಸ್ಟರ್‌ಗಳು ದೀಪಾವಳಿ ಹೊತ್ತಿಗೆ ಕೇಳಿದಾಗ ಚುಚ್ಚುವಷ್ಟು ಚೂಪಾಗಿದ್ದವು. ಫೈಲುಗಳನ್ನು ತೆರೆದು ನೋಡಿದೆ. ಮೂರರಲ್ಲೂ 8 ಕಿಲೋಹರ್ಟ್ಸಿನ ಮೇಲೆ 3 ಡಿಬಿ ಏರಿಸಿದ್ದೆ. ಶೀಟಿನ ಮೇಲೆ ಬೀಳುವ ಮಳೆಯ ಸದ್ದು ಮೇಲಿನ ಸ್ವರಗಳನ್ನು ಮುಚ್ಚುತ್ತದೆ. ಮುಚ್ಚಿದ್ದನ್ನು ಕೇಳಿಸಿಕೊಳ್ಳಲು ಕೈ ತಾನಾಗಿಯೇ ಏರಿಸಿಬಿಡುತ್ತದೆ. ಈಗ ಜೋರು ಮಳೆಯಲ್ಲಿ ಮೇಲಿನ ಬ್ಯಾಂಡುಗಳನ್ನು ಮುಟ್ಟುವುದೇ ಇಲ್ಲ. ಆ ಹೊತ್ತಿಗೆ ತುಂಡು ಜೋಡಿಸುವುದು, ಹೆಸರು ಹಾಕುವುದು ಇಂಥ ಕೆಲಸ.

ಬಾಸಿನ ವಿಷಯದಲ್ಲಿ ಮೋಸ ಮಾಡುವುದು ಕೋಣೆಯ ಅಳತೆ. 3 ಮೀಟರ್ ಉದ್ದದ ಕೋಣೆಯಲ್ಲಿ 57 ಹರ್ಟ್ಸ್ ಗೋಡೆಯಿಂದ ಗೋಡೆಗೆ ನಿಂತುಬಿಡುತ್ತದೆ. ಸರಿಯಾಗಿ ನಡುವೆ ಕೂತರೆ ಆ ಸ್ವರ ಮಾಯ. ಅದರ ಎರಡರಷ್ಟಾದ 114 ಮಾತ್ರ ಜಾಸ್ತಿ. ಅಲ್ಲಿ ಕೂತು ಈಕ್ವಲೈಸರಿನಲ್ಲಿ 57 ಏರಿಸಿದರೆ ಬೇರೆಯವರ ಮನೆಯಲ್ಲಿ ಗುಡುಗುತ್ತದೆ. ಕುರ್ಚಿಯನ್ನು ಎರಡು ಅಡಿ ಹಿಂದೆ ಮುಂದೆ ಮಾಡಿ ಕೇಳಿ. ಬಾಸ್ ಬದಲಾದರೆ ಅದು ಕೋಣೆಯ ದೋಷ, ಹಾಡಿನದ್ದಲ್ಲ. ಹೆಡ್‌ಫೋನಿನಲ್ಲಿ ಒಮ್ಮೆ ತಾಳೆ ನೋಡಿ.

ರಾತ್ರಿ ಅಕ್ಕಪಕ್ಕದವರಿಗೆ ತೊಂದರೆ ಬೇಡ ಅಂತ ಮೆಲ್ಲಗೆ ಕೇಳಿದರೂ ಇದೇ ಪಾಡು. ಸದ್ದು ಸಣ್ಣದಾದಂತೆ ಕಿವಿಗೆ ಬಾಸ್ ಉಳಿದ ಸ್ವರಗಳಿಗಿಂತ ಬೇಗ ಕಡಿಮೆಯಾಗುತ್ತದೆ ಅಂತ 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದ್ದಾರೆ. ಸ್ಪೀಕರಿನ ಗುಂಡಿಗೆ ಒಂದು ಗುರುತು ಹಾಕಿ, ತೀರ್ಮಾನ ಮಾಡುವಾಗ ಯಾವತ್ತೂ ಅದೇ ಮಟ್ಟದಲ್ಲಿ ಕೇಳಿ.

ಆ ಫೈಲಿಗೆ ಕೊನೆಗೆ ಹಾಕಿದ್ದು

ಹೈಪಾಸ್ 40 ಹರ್ಟ್ಸ್, 12 ಡಿಬಿ, ಮಿನಿಮಮ್ ಫೇಸ್. ರಂಗಸ್ಥಳದ ದಡ್ ದಡ್ ಇಷ್ಟಕ್ಕೆ ಪೂರ್ತಿ ಹೋಗಲಿಲ್ಲ. ಜೋರಾಗಿ ಬಿದ್ದ ಜಾಗಗಳಲ್ಲಿ ಮಾತ್ರ 70 ಹರ್ಟ್ಸಿನ ಸುತ್ತ ತಗ್ಗಿಸುವ ಡೈನಮಿಕ್ ಬ್ಯಾಂಡ್ ಒಂದನ್ನು ಇಟ್ಟೆ. ಸ್ವಲ್ಪ ಉಳಿಯಿತು, ಉಳಿಯಲಿ ಅಂತ ಬಿಟ್ಟೆ. ಚೆಂಡೆ ಚುಚ್ಚುತ್ತಿದ್ದ ಕಡೆ 2.5 ಕಿಲೋಹರ್ಟ್ಸಿನಲ್ಲಿ ಅಗಲವಾಗಿ 1.5 ಡಿಬಿ ಇಳಿಸಿದೆ. ಜನರೇಟರಿನ ಹಮ್ಮಿಗೆ ಏಳು ತುಂಡು, ಏಳು ಥರ ನಾಚ್. ಕೊನೆಗೆ −1ರ ಲಿಮಿಟರ್.

ಮಾರನೇ ವಾರ ಭಾಗವತರು ಮತ್ತೆ ಬಂದರು. ಅದೇ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಇಡೀ ಪದ್ಯ ಕೇಳಿದರು. ಆಮೇಲೆ ಹೇಳಿದ್ದು ಒಂದೇ ಮಾತು: “ಪೆಟ್ಟು ಸರಿ ಉಂಟು. ಶ್ರುತಿ ಒಂದು ಚೂರು ಜಾಸ್ತಿ ಕೇಳ್ಲಿ.” 400 ಹರ್ಟ್ಸಿನ ಸುತ್ತ 1 ಡಿಬಿ ಏರಿಸಿ, ಮತ್ತೆ ವಾಲ್ಯೂಮ್ ಹೊಂದಿಸಿ, ಬೈಪಾಸ್ ಒತ್ತಿ ಇಬ್ಬರೂ ಇನ್ನೊಮ್ಮೆ ಕೇಳಿದೆವು. ಫೈಲ್ ಆ ಸಂಜೆಯೇ ಕಳಿಸಿದೆ.